ಬಾಗಿಲಿನ ಬೆಲ್ ಸ್ವಿಚ್ಚು

ಕಾಚಿಗುಡ, ಹೈದರಾಬಾದ್
೧೪ ಆಗಸ್ಟ್ ೨೦೦೧

ತೀರ್ಥರೂಪ ಅಪ್ಪಾಜಿಯವರಿಗೆ ಶರ್ವರಿಯ ನಮಸ್ಕಾರಗಳು.

ವರಂಗಲ್ಲಿನಿಂದ ನೀವು ಬರೆದಂತೆ ತಮ್ಮ ಅಕ್ಷಯನ ಕಂಪ್ಯೂಟರನ್ನು ಮಾವನ ಮಗ ಚನ್ನುವಿಗೆ ಕೊಟ್ಟಾಯಿತು. ಸಿಪಿಯುವಿನ ಪವರ್ ಬಟನ್ ಮುರಿದಾಗ ಅಕ್ಷಯ ನಮ್ಮ ಬಾಗಿಲಿನ ಬೆಲ್ ಸ್ವಿಚ್ಚನ್ನೇ ಕಿತ್ತು ಅದಕ್ಕೆ ಜೋಡಿಸಿದ್ದು, ನೀವು ಬೈದದ್ದು ನೆನಪಿರಬಹುದು. ಅಂದಿನಿಂದ ಮನೆಗೆ ಬಂದವರೆಲ್ಲ ಚಿಲಕ ಬಡಿಯುತ್ತಿದ್ದರು. ಕೊಡುವ ಮೊದಲು ಸಿಕಂದರಾಬಾದಿನಿಂದ ಹೊಸ ಬಟನ್ ತಂದು, ಅದರ ಎರಡು ವೈರುಗಳನ್ನು ಮದರ್‌ಬೋರ್ಡಿನ ಅವೇ ಎರಡು ಪಿನ್ನುಗಳಿಗೆ ನಾನೇ ಸಿಕ್ಕಿಸಿದೆ. ಮೊದಲ ಸಲಕ್ಕೇ ಚಾಲೂ ಆಯಿತು.

ಹಳೆಯ ಸ್ವಿಚ್ಚು ಮತ್ತೆ ಬಾಗಿಲಿಗೆ ಬಂದಿದೆ. ಅದರ ನಡುವೆ ಅಕ್ಷಯ ಒತ್ತಿ ಒತ್ತಿ ಆದ ಬೆರಳಿನ ಕಪ್ಪು ಕಲೆ ಇತ್ತು. ಒರೆಸಲು ಹೋದಾಗ ಅವ್ವ, "ಒರಸಬ್ಯಾಡ, ಹಂಗ ಹಚ್ಚು" ಅಂದಳು.

ಅಕ್ಷಯ ತೀರಿಕೊಂಡ ಮೇಲೆ ಅವ್ವ ದಿನಾ ಬೆಳಿಗ್ಗೆ ಕಂಪ್ಯೂಟರ್ ಚಾಲೂ ಮಾಡಿ, ಫ್ಯಾನಿನ ಸದ್ದು ಕೇಳಿದ ಮೇಲೆಯೇ ಅಡಿಗೆಮನೆಗೆ ಹೋಗುತ್ತಿದ್ದಳು. ನಿಮಗೆ ಬರೆದಿರಲಿಲ್ಲ. ಈಗ ಎದ್ದ ಕೂಡಲೇ ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ಬೆಲ್ ಒತ್ತುತ್ತಾಳೆ. ನಾನು ಹೋಗಿ ತೆರೆಯುತ್ತೇನೆ. ಒಳಗೆ ಬಂದು ಚಹಾಕ್ಕೆ ಇಡುತ್ತಾಳೆ.

ಗ್ಯಾಸ್ ಬುಕ್ ಮಾಡಿದ್ದೇನೆ. ಬರುವಾಗ ನಿಮ್ಮ ಬಿಪಿ ಗುಳಿಗೆ ಮರೆಯಬೇಡಿ.

ಹಾಲಿನವನಿಗೂ ಪೇಪರಿನವನಿಗೂ ಹೇಳಿದ್ದೇನೆ. ನೀವೂ ಬಂದಾಗ ಬೆಲ್ ಒತ್ತಬೇಡಿ. ಮೊದಲಿನ ಹಾಗೆ ಚಿಲಕ ಬಡಿಯಿರಿ.

ನಿಮ್ಮ ಮಗಳು
ಶರ್ವರಿ