ಪಾಪ ಅಂದರು
೧೮ ಆಗಸ್ಟ್ ೨೦೦೮, ಸೋಮವಾರ

ಮುಷರಫ್ ರಾಜೀನಾಮೆ ಕೊಟ್ಟದ್ದನ್ನು ಟಿವಿಯಲ್ಲಿ ನೋಡಿ ನಮ್ಮವರು "ಪಾಪ" ಅಂದುಬಿಟ್ಟರು. ಕಾರ್ಗಿಲ್‌ನಲ್ಲಿ ಅವನ ಸೈನ್ಯದ ಗುಂಡಿಗೆ ಎದೆಯೊಡ್ಡಿ ಬಂದ ಸುಬೇದಾರರ ಬಾಯಲ್ಲಿ ಆ ಮಾತು. ಇನ್ನೂ ಕಿವಿಯಲ್ಲೇ ಇದೆ.

ಮಗಳು ಶ್ರೀಲತಾ ರೇಗಿದಳು. "ಡಿಕ್ಟೇಟರ್‌ಗೆ ಎಂಥ ಪಾಪ ಅಪ್ಪಾ? ನ್ಯೂಸ್ ಚಾನೆಲ್‌ಗಳನ್ನೆಲ್ಲ ಕ್ಲೋಸ್ ಮಾಡಿಸ್ದೋನು."

"ಆ ಚಾನೆಲ್‌ಗಳಿಗೆ ಪರ್ಮಿಷನ್ ಕೊಟ್ಟೋನೂ ಅವನೇ ಕಣಮ್ಮ. ಅವು ಅವನನ್ನೇ ಪ್ರಶ್ನೆ ಕೇಳಿದಾಗ ತಡ್ಕೊಳ್ಳೋಕಾಗ್ಲಿಲ್ಲ."

ಹೆದರದೆ ಮಾತಾಡಲು ಇವಳಿಗೆ ಕಲಿಸಿದವರು ಇವರೇ. ಅಣ್ಣಾ ನಗರದ ಆ ತಮಿಳು ಹುಡುಗನನ್ನು ಮದುವೆಯಾಗುತ್ತೇನೆ ಅಂದಾಗಿನಿಂದ ಅವಳು ಬಾಯಿ ತೆರೆದರೆ ಸಾಕು, ಮುಚ್ಚು ಅಂತ ಗದರುತ್ತಿದ್ದವರೂ ಇವರೇ.

ಸ್ವಲ್ಪ ಹೊತ್ತಾದ ಮೇಲೆ ತಾವೇ ಎದ್ದು ಟಿವಿ ಆರಿಸಿದರು. ಅವಳ ಕಡೆ ನೋಡದೆಯೇ ಕೇಳಿದರು.

"ಆ ಹುಡುಗನ ಹೆಸರೇನು ಅಂದೆ?"