ಕೌಸಲ್ಯಾಳ ಹೆಸರಿನ ಖಾತೆ

ಬೈಕುಲ್ಲಾ, ಮುಂಬಯಿ
೧೨ ಡಿಸೆಂಬರ್ ೧೯೯೪

ಪ್ರೀತಿಯ ಕೌಸಲ್ಯಾ,

ನಿಮ್ಮ ಯಜಮಾನರಿಗೆ ಮೈಸೂರಿನಿಂದ ಮತ್ತೆ ಮುಂಬಯಿಗೇ ವರ್ಗವಾಯಿತೆಂದು ನಿನ್ನ ಕಾಗದದಲ್ಲಿ ಓದಿ ಕುಣಿದಾಡಿಬಿಟ್ಟೆ. ಆದರೆ ಕೊನೆಯಲ್ಲಿ, "ಕಂಪ್ಯೂಟರೆಲ್ಲ ಮರೆತೇಹೋಗಿದೆ ಕಣೇ, ಇನ್ನು ಕೆಲಸದ ಮಾತು ಬೇಡ" ಎಂದು ಬರೆದಿದ್ದೀಯಲ್ಲ, ಅದು ನನಗೆ ಹಿಡಿಸಲಿಲ್ಲ.

ಫೋರ್ಟ್ ಆಫೀಸಿನಲ್ಲಿ ನಾವಿಬ್ಬರೂ ಸರದಿಯ ಮೇಲೆ ಬಳಸುತ್ತಿದ್ದ ಆ ದಪ್ಪ ಲ್ಯಾಪ್‌ಟಾಪ್ ನೆನಪಿದೆಯಾ? ಹೊಸ ಸಾಫ್ಟ್‌ವೇರ್ ಅದರಲ್ಲಿ ಓಡುವುದಿಲ್ಲವೆಂದು ಗುಜರಿಗೆ ಹಾಕಲು ಹೊರಟಿದ್ದರು. "ಮೇಡಂ, ಯೇ ಡಬ್ಬಾ ಅಬ್ ನಹೀ ಚಲೇಗಾ" ಎಂದು ಪ್ಯೂನ್ ಸಾವಂತ್ ನಕ್ಕ. ಸಾಹೇಬರನ್ನು ಕೇಳಿಕೊಂಡು ಮನೆಗೆ ತಂದೆ.

ಪವಾಯಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಸುಮಿತ್ರಕ್ಕ, ಲಿನಕ್ಸ್ ಎಂಬ ಹಗುರವಾದ ಹೊಸ ಸಿಸ್ಟಮ್ಮನ್ನು ಫ್ಲಾಪಿಗಳಲ್ಲಿ ತುಂಬಿಕೊಟ್ಟರು. ಒಂದೊಂದೇ ಹಾಕುತ್ತಾ ಕೂತೆ. ನಡುವೆ ಒಂದು ಫ್ಲಾಪಿ ಕೆಟ್ಟಿತ್ತು. ಅದಕ್ಕಾಗಿ ಮತ್ತೆ ಪವಾಯಿಗೆ ಹೋಗಿಬಂದೆ. ಕೊನೆಗೆ ಕಂಪೈಲರನ್ನೂ ಹಾಕಿ, ಊಟದ ಬಿಡುವಿನಲ್ಲಿ ನಾವಿಬ್ಬರೂ ಬರೆದಿದ್ದ ಹಳೆಯ ಪ್ರೋಗ್ರಾಮನ್ನು ಓಡಿಸಿದೆ. ಚುಕ್ಕಿ ಚುಕ್ಕಿಯಾಗಿ ಕನ್ನಡ ಅಕ್ಷರಗಳು ಪರದೆಯ ಮೇಲೆ ಮೂಡಿದವು ಕಣೇ! 'ಳ'ಕಾರ ದುಂಡಗೆ ಬರಲಿಲ್ಲವೆಂದು ನೀನು ವಾರವಿಡೀ ಊಟ ಬಿಟ್ಟು ತಿದ್ದಿದ್ದೆ. ಆ ಅಕ್ಷರವನ್ನೇ ನೋಡುತ್ತಾ ನಾನು ಬಹಳ ಹೊತ್ತು ಕೂತಿದ್ದೆ.

ನಮ್ಮ ಆಫೀಸಿನಲ್ಲಿ ಒಂದು ಜಾಗ ಖಾಲಿಯಿದೆ, ಫೆಬ್ರವರಿಯಲ್ಲಿ ಪರೀಕ್ಷೆ. ಊರಿಂದ ಬಂದವಳೇ ನಮ್ಮ ಮನೆಗೆ ಬಂದು ಅಭ್ಯಾಸ ಮಾಡು. ನಿನ್ನ ಮಗುವನ್ನು ನಮ್ಮತ್ತೆ ನೋಡಿಕೊಳ್ಳುತ್ತಾರಂತೆ; ಅವರೇ ಹೇಳಿದರು.

ಲ್ಯಾಪ್‌ಟಾಪಿನಲ್ಲಿ ನಿನ್ನ ಹೆಸರಿಗೂ ಒಂದು ಖಾತೆ ತೆರೆದಿದ್ದೇನೆ. ಪಾಸ್‌ವರ್ಡ್ ಮಾತ್ರ ಇಟ್ಟಿಲ್ಲ. ಅದನ್ನು ನೀನೇ ಬಂದು ಇಡಬೇಕು.

ದಾರಿ ನೋಡುತ್ತಿರುವ
ವಿಮಲಾ