ಬೆಳ್ಳುಳ್ಳಿ ಹಾಕುವುದೋ ಬೇಡವೋ

ಟೊಲೀಡೊ, ಓಹಿಯೊ
ಅಕ್ಟೋಬರ್ 3, 2010, ಭಾನುವಾರ ಮಧ್ಯಾಹ್ನ

ಪ್ರೀತಿಯ ಎಮರಿ,

ಹೇಗಿದ್ದೀಯ? ಬೆನ್ನುನೋವು ಹೇಗಿದೆ? ಸುಳ್ಳು ಹೇಳಬೇಡ. ಹೋದ ವಾರ ಫೋನಿನಲ್ಲಿ "ಈಗ ವಾಸಿ" ಅಂದೆಯಲ್ಲ, ಆ ದನಿಯಲ್ಲೇ ನೀನು ಗೋಡೆಗೆ ಒರಗಿ ನಿಂತಿದ್ದೀಯ ಅಂತ ಗೊತ್ತಾಯಿತು. ಅಲ್ಲಿ ಆಗಲೇ ಬೆಳಗಿನ ಹೊತ್ತು ನೀರು ಹೆಪ್ಪುಗಟ್ಟುತ್ತಿದೆಯಂತೆ. ಈಗೀಗ ಹವಾಮಾನ ವಾರ್ತೆಯಲ್ಲಿ ನಾರ್ತ್ ಡಕೋಟಾ ಬಂದು ಹೋಗುವ ತನಕ ನಾನು ಟಿವಿ ಆರಿಸುವುದಿಲ್ಲ. ನಾನು ಕಳಿಸಿದ ಉಣ್ಣೆಯ ಬನಿಯನ್ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಎಣ್ಣೆಬಾವಿಯ ಗಂಡಸರೆಲ್ಲ ನಗುತ್ತಾರೆಂದು ಚೀಲದಲ್ಲೇ ಇಟ್ಟಿದ್ದೀಯೋ? ನಗುವವರು ನಗಲಿ. ತಮ್ಮ ಹೆಂಡತಿಯರು ಕಳಿಸಿಲ್ಲ ಅನ್ನುವ ಹೊಟ್ಟೆಕಿಚ್ಚು ಅವರಿಗೆ.

ನಾವು ಮೂವರೂ ಚೆನ್ನಾಗಿದ್ದೇವೆ. ಟೆಸ್‌ಗೆ ಸ್ವಲ್ಪ ಕೆಮ್ಮು ಇತ್ತು, ಈಗಿಲ್ಲ. ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ತೆಗೆದುಕೊಂಡಿದ್ದಾಳೆ. ವಾದ್ಯ ಶಾಲೆಯದೇ, ನೀನು ಗಾಬರಿಯಾಗಬೇಡ. ಸದ್ಯಕ್ಕೆ ಬಾತುಕೋಳಿಯನ್ನು ಹಿಂಡಿದ ಹಾಗೆ ಕೇಳಿಸುತ್ತದೆ. ನಿಮ್ಮಪ್ಪ ಮಾತ್ರ ಕಿವಿಯ ಮೆಷೀನು ತೆಗೆದು ಜೇಬಿಗೆ ಹಾಕಿಕೊಂಡು, "ಎಷ್ಟು ಚೆನ್ನಾಗಿ ಊದ್ತಾಳೆ ನೋಡು ನನ್ನ ಮೊಮ್ಮಗಳು" ಅಂತ ತಲೆದೂಗುತ್ತಾರೆ. ಹಿತ್ತಲಲ್ಲಿ ಈ ಸಲ ಅವರ ಮೆಣಸಿನಕಾಯಿ ಮೈತುಂಬ ಬಿಟ್ಟಿತು. ಎಲ್ಲವನ್ನೂ ದಾರಕ್ಕೆ ಪೋಣಿಸಿ ಅಡುಗೆಮನೆಯ ಕಿಟಕಿಗೆ ಕಟ್ಟಿದ್ದಾರೆ, ಬೆಳಕೇ ಒಳಗೆ ಬರುತ್ತಿಲ್ಲ. ನಾನು ಒಂದು ಕಡೆ ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದೆ, ಮಾವ ಇನ್ನೊಂದು ಕಡೆ ಕೂತು ಒಂದೊಂದೇ ಕಾಯಿ ಪೋಣಿಸುತ್ತಿದ್ದರು. ಹೌದು, ತುಂಬುತ್ತಿದ್ದೆ. ಅದನ್ನೇ ಈಗ ಹೇಳಬೇಕು.

ನೀನು ಕೇಳಿದ ಪ್ರಶ್ನೆ ನನ್ನ ನಿದ್ದೆ ಕೆಡಿಸಿದೆ. ನವೆಂಬರ್ ಕೊನೆಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ರಜ ಸಿಕ್ಕಿದೆ, ರೈಲಿನ ಟಿಕೆಟ್ ಮೊದಲೇ ತೆಗೆಯಬೇಕು, "ಯಾವ ವಿಳಾಸಕ್ಕೆ ಬರಲಿ?" ಅಂತ ಬರೆದಿದ್ದೆ. ಎಷ್ಟು ಸಲೀಸಾಗಿ ಕೇಳಿಬಿಟ್ಟೆ! ಫೋನಿನಲ್ಲಿ ಇದನ್ನೆಲ್ಲ ಹೇಳಲಾಗುವುದಿಲ್ಲ. ಅಲ್ಲಿ ನಿನ್ನ ಬೆನ್ನ ಹಿಂದೆ ಫೋನಿಗಾಗಿ ಸಾಲುಗಟ್ಟಿ ನಿಂತವರು ಕೆಮ್ಮುವುದು ನನಗೂ ಕೇಳಿಸುತ್ತದೆ. ಅದಕ್ಕೇ ಈ ಪತ್ರ.

ನಿನ್ನ ಬಡಗಿ ಅಂಗಡಿ ಮುಚ್ಚಿ, ನಾವಿಬ್ಬರೂ ದಿವಾಳಿ ಅರ್ಜಿ ಹಾಕಿದ ಮೇಲೆ ಸಾಲ ಕೊಟ್ಟವರ ಫೋನುಗಳು ನಿಂತವಲ್ಲ, ಆ ಬೇಸಗೆಯಲ್ಲಿ ನಾನು ಸ್ವಲ್ಪ ಉಸಿರಾಡಿದ್ದೆ. ಆದರೆ ಮನೆಸಾಲ ಬಾಕಿ ಉಳಿದದ್ದಕ್ಕೆ ಆಗಸ್ಟಿನಲ್ಲಿ ಕೋರ್ಟು ಬ್ಯಾಂಕಿಗೆ ಮನೆ ಹರಾಜು ಹಾಕಿಸಲು ಅನುಮತಿ ಕೊಟ್ಟಿತು. ಅಂದಿನಿಂದ ನಮ್ಮ ಮುಂಬಾಗಿಲು ತಟ್ಟುವವರೆಂದರೆ ಕೋರ್ಟಿನವರು ಮಾತ್ರ. ಮನೆಯವರೂ ನೆಂಟರೂ ಎಲ್ಲ ಹಿತ್ತಲ ಬಾಗಿಲಿಂದಲೇ ಬರುತ್ತಾರೆ. ಬೀದಿಯಲ್ಲಿ ಯಾವುದಾದರೂ ಕಾರು ನಿಧಾನವಾದರೆ ನನ್ನ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಲ್ಲುತ್ತದೆ. ಪಿಜ್ಜಾ ತಂದ ಹುಡುಗ ಒಮ್ಮೆ ಮನೆ ತಪ್ಪಿ ನಮ್ಮ ಬಾಗಿಲು ತಟ್ಟಿದ. ನಾನು ಟೆಸ್‌ಳನ್ನು ಎಳೆದುಕೊಂಡು ಸೋಫಾ ಹಿಂದೆ ಕೂತಿದ್ದೆ ಕಣೋ! "ಅಮ್ಮಾ, ಪಿಜ್ಜಾಗೆ ಯಾಕೆ ಹೆದರ್ಕೋತೀಯಾ?" ಅಂತ ಕೇಳಿದಳು ನಿನ್ನ ಮಗಳು. ನಕ್ಕೆ, ಆದರೂ ಆ ಹುಡುಗನ ಕಾರು ಹೋಗುವ ತನಕ ಅಲ್ಲಿಂದ ಏಳಲಿಲ್ಲ.

ನನ್ನ ಭಯ ಸುಮ್ಮನೆ ಬಂದದ್ದಲ್ಲ. ಸೆಪ್ಟೆಂಬರಿನಲ್ಲಿ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಿಂದ ಕೆಲಸ ಮುಗಿಸಿ ಬರುವಾಗ, ಎರಡು ಬೀದಿ ಆಚೆ, ಕೋರ್ಟಿನ ಆದೇಶ ಹಿಡಿದು ಬಂದ ಶೆರೀಫನ ಆಳುಗಳು ಒಂದು ಮನೆಯ ಸಾಮಾನನ್ನೆಲ್ಲ ಹುಲ್ಲಿನ ಮೇಲೆ ತಂದು ಹಾಕುತ್ತಿದ್ದರು. ಸಣ್ಣ ಮಳೆ. ಮಗುವಿನ ಮಂಚ, ಹಾಸಿಗೆ, ಮೀನಿನ ತೊಟ್ಟಿ, ಅದರೊಳಗೆ ಮೀನೂ ಇದ್ದವು. ಆ ಮನೆಯ ಹೆಂಗಸು ಊಟದ ಕುರ್ಚಿಯ ಮೇಲೆ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು, ಯಾರೋ ಬಂದು ಊಟ ಬಡಿಸುತ್ತಾರೆ ಅನ್ನುವ ಹಾಗೆ. ಟೆಸ್‌ಳ ಮಂಚ ಹಾಗೆ ಬೀದಿಯಲ್ಲಿ ನೆನೆಯುವುದನ್ನು ಅವಳು ಶಾಲೆಯ ಬಸ್ಸಿನಿಂದ ಇಳಿಯುತ್ತಾ ನೋಡಬಾರದು. ನನಗೆ ಬೇಕಾಗಿದ್ದು ಅಷ್ಟೇ. ಅವರು ಬರುವ ಮೊದಲೇ ನಾವಾಗಿಯೇ ಹೊರಟುಬಿಡಬೇಕು, ನೆಲ ಗುಡಿಸಿ, ಬೀಗದ ಕೈ ಮೇಜಿನ ಮೇಲಿಟ್ಟು, ತಲೆಯೆತ್ತಿಕೊಂಡು ಹೋಗಬೇಕು ಅಂತ ಆವತ್ತೇ ನಿರ್ಧರಿಸಿದೆ.

ನಿನಗೆ ಹೇಳದೆಯೇ ನದಿಯಾಚೆ ನನ್ನ ತಂಗಿ ಡೀ ಮನೆಯ ಹತ್ತಿರ ಒಂದು ಬಾಡಿಗೆ ಮನೆ ನೋಡಿ ಮುಂಗಡವನ್ನೂ ಕೊಟ್ಟೆ. ಕೋಪ ಮಾಡಿಕೋ, ಪರವಾಗಿಲ್ಲ, ಅಷ್ಟು ದೂರದಿಂದ ನಿನ್ನ ಕೋಪ ಇಲ್ಲಿಗೆ ಬರುವಷ್ಟರಲ್ಲಿ ಆರಿರುತ್ತದೆ. ಮೂರನೇ ಮಹಡಿ, ಎರಡೇ ಕೋಣೆ, ಮಣ್ಣೆಂದರೆ ಹೂಕುಂಡದಲ್ಲಿರುವುದಷ್ಟೇ. ಮಾವನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಕಿಟಕಿಯಿಂದ ಕೆಳಗೆ ಕಾರುಗಳನ್ನು ನೋಡಿ, ನಲ್ಲಿ ತಿರುಗಿಸಿ ನೋಡಿ, "ನೀರು ಬರುತ್ತೆ" ಅಂದರು. ಅಷ್ಟೇ. ವಾಪಸ್ಸು ಬರುವ ದಾರಿಯಲ್ಲಿ ಕೇಳಿದರು, "ಅಲ್ಲಮ್ಮ ಕೊರಿನ್, ಬೆಳ್ಳುಳ್ಳಿ ಹಾಕ್ಲೋ ಬೇಡ್ವೋ? ಅದೊಂದು ಹೇಳ್ಬಿಡು. ಮಿಕ್ಕಿದ್ದು ನೀನೂ ನಿನ್ನ ವಕೀಲೆಮ್ಮನೂ ನೋಡ್ಕೊಳ್ಳಿ."

ನಿನಗೆ ಗೊತ್ತಲ್ಲ, ಅಕ್ಟೋಬರಿನಲ್ಲಿ ಊರಿದರೆ ಚಳಿಗಾಲವೆಲ್ಲ ಹಿಮದಡಿ ಮಲಗಿ ಜುಲೈನಲ್ಲಿ ಕೀಳುವ ಬೆಳೆ ಅದು. ಗಾಜಿನ ಕಾರ್ಖಾನೆಯಲ್ಲಿ ದುಡಿದಷ್ಟು ವರ್ಷವೂ, ನಿವೃತ್ತಿಯಾದ ಮೇಲೂ ಮಾವ ಒಂದು ಸಲವೂ ತಪ್ಪಿಸಿಲ್ಲ. ಅವರಪ್ಪ ಹಂಗೇರಿಯಿಂದ ಕೋಟಿನ ಜೇಬಿನಲ್ಲಿ ತಂದ ಬೀಜದ ಸಂತಾನವಂತೆ. ಊರಿಬಿಟ್ಟರೆ ಜುಲೈ ತನಕ ಇಲ್ಲಿರುತ್ತೇವೆ ಅಂದ ಹಾಗೆ. ನಾನು ಏನಂತ ಹೇಳಲಿ? "ಈ ವರ್ಷ ಬೇಡ ಮಾವ" ಅಂದೆ. ಅವರು ಬಿಡಿಸಿಟ್ಟಿದ್ದ ಎಸಳುಗಳನ್ನು ಕಾಗದದ ಚೀಲಕ್ಕೆ ಹಾಕಿ, ಬಾಯಿ ಮಡಿಸಿ, ಶೆಡ್ಡಿನ ಮೊಳೆಗೆ ತೂಗುಹಾಕಿದರು. ಆಮೇಲೆ ಸಂಜೆಯೆಲ್ಲ ರೇಡಿಯೋ ಹಾಕಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಮನೆಯೇ ಹೋಗುತ್ತಿರುವಾಗ ಬೆಳ್ಳುಳ್ಳಿಯ ಚಿಂತೆಯೇ ಅಂತ ಡೀಗೆ ಫೋನು ಮಾಡಿ ಬೈದುಕೊಂಡೆ.

ಈಗ ಪಕ್ಕದ ಮನೆಯ ಸ್ಟೀವ್ ಕೋಚಿಶ್ ವಿಷಯ. ಅವನಿಗೆ ಬ್ಯಾಂಕಿನ ಮೊದಲ ನೋಟೀಸು ಬಂದಾಗಲೇ ಮರ್ಯಾದೆಗೆ ಅಂಜಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೇರೆ ಊರಿಗೆ ಹೋದನಲ್ಲ. ಆದರೂ ಶನಿವಾರ ಬಂತೆಂದರೆ ಟ್ರಕ್ಕಿನಲ್ಲಿ ಮೆಷೀನು ಹೇರಿಕೊಂಡು ಬಂದು, ಆ ಖಾಲಿ ಮನೆಯ ಹುಲ್ಲು ಕತ್ತರಿಸಿ, ಯಾರ ಮುಖವನ್ನೂ ನೋಡದೆ ಹೋಗುತ್ತಿದ್ದ. ಬ್ಯಾಂಕಿನವರೇ ಅವನಿಗೆ ಕೂಲಿ ಕೊಟ್ಟು ಕರೆಸುತ್ತಿದ್ದಾರೆ ಅಂತ ನಾವೆಲ್ಲ ಮಾತಾಡಿಕೊಂಡೆವು. "ತನ್ನ ಮನೆಯಲ್ಲೇ ತೋಟದ ಮಾಲಿ ಆದ" ಅಂತ ನೀನೇ ನಕ್ಕಿದ್ದೆ. ನಿನ್ನೆಯಲ್ಲ, ಅದರ ಹಿಂದಿನ ಶನಿವಾರ ಯಾಕೋ ಮನಸ್ಸು ತಡೆಯದೆ ಕಾಫಿ ಮತ್ತು ಚರ್ಚಿನ ಹೆಂಗಸರು ಮಾಡಿದ ವಾಲ್‌ನಟ್ ಹೂರಣದ ಕಿಫ್ಲಿ ಬಿಸ್ಕತ್ತು ತೆಗೆದುಕೊಂಡು ಬೇಲಿಯ ಹತ್ತಿರ ಹೋದೆ. ನಾವೂ ಹೊರಡುತ್ತಿದ್ದೇವೆ ಅಂದೆ. ಅವನು ಬಾಯಲ್ಲಿದ್ದ ಕಿಫ್ಲಿಯನ್ನು ನುಂಗುವುದನ್ನೇ ಮರೆತು ನನ್ನ ಮುಖ ನೋಡಿದ.

"ಹರಾಜು ಆಯ್ತಾ?" ಅಂದ. ಇಲ್ಲ, ಆಗುವ ಮೊದಲೇ ಮರ್ಯಾದೆಯಾಗಿ ಹೋಗುತ್ತೇವೆ ಅಂದೆ. "ನಾನೂ ಮರ್ಯಾದೆಯಾಗೇ ಹೋದೆ ಕಣಮ್ಮ. ನಾನು ಮನೆ ಬಿಟ್ಟೆ, ಮನೆ ನನ್ನ ಬಿಡ್ಲಿಲ್ಲ." ಅವನು ಹೋದ ಮೇಲೆ ಬ್ಯಾಂಕು ಹರಾಜು ಹಾಕಲೇ ಇಲ್ಲವಂತೆ. ಈ ಬೀದಿಯ ಮನೆ ಕೊಳ್ಳುವವರಿಲ್ಲ, ತೆಗೆದುಕೊಂಡು ಏನು ಮಾಡುವುದು ಅಂತ ಸುಮ್ಮನೆ ಕೂತಿದೆಯಂತೆ. ಕಾಗದಪತ್ರದಲ್ಲಿ ಮನೆ ಇನ್ನೂ ಸ್ಟೀವ್ ಹೆಸರಿನಲ್ಲೇ ಇದೆ. ಕಳ್ಳರು ನುಗ್ಗಿ ತಾಮ್ರದ ಪೈಪು ಕಿತ್ತುಕೊಂಡು ಹೋದರು, ನೆಲಮಾಳಿಗೆಯಲ್ಲಿ ನೀರು ತುಂಬಿತು. ಹುಲ್ಲು ಬೆಳೆದರೆ ನಗರಸಭೆಯ ದಂಡ ಇವನಿಗೇ. "ಒಳಗೆ ಹೋಗಿ ಒಂದು ಲೋಟ ನೀರು ಕುಡಿಯೋಕೂ ಆಗಲ್ಲ, ಹುಲ್ಲು ಮಾತ್ರ ನಂದು" ಅಂದ. ನಾವು ನಕ್ಕಿದ್ದೆವಲ್ಲ ಎಮರಿ, ಆ ಮನುಷ್ಯನನ್ನು ನೋಡಿ. ಉಳಿದ ಕಿಫ್ಲಿಯನ್ನೆಲ್ಲ ಅವನ ಕೈಗೇ ಕೊಟ್ಟು ಬಂದೆ.

ಸೋಮವಾರ ಬೆಳಿಗ್ಗೆಯೇ ವಕೀಲೆ ಹೈನ್ಸ್ ಮೇಡಂಗೆ ಫೋನು ಮಾಡಿದೆ. "ನಾನು ಎರಡು ಸಲ ಹೇಳಿದ್ನಲ್ಲಮ್ಮಾ" ಅಂತ ಅವರು ನಿಟ್ಟುಸಿರು ಬಿಟ್ಟರು. ಹೇಳಿದ್ದರೋ ಏನೋ, ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. "ಹರಾಜಾಗಿ ಇನ್ನೊಬ್ಬರ ಹೆಸರಿಗೆ ಹೋಗೋ ತನಕ ಮನೆ ನಿಮ್ದೇ. ನೀವಿದ್ರೂ ನಿಮ್ದೇ, ಬಿಟ್ಟೋದ್ರೂ ನಿಮ್ದೇ. ದಿವಾಳಿಯಲ್ಲಿ ಹಳೇ ಸಾಲ ಹೋಗುತ್ತೆ, ನಾಳೆ ಬೀಳೋ ದಂಡ ಹೋಗಲ್ಲ. ದಯವಿಟ್ಟು ಅಲ್ಲೇ ಇರಿ." ಶೆರೀಫನ ಆಳುಗಳು ಬಂದರೆ ಅಂದೆ. ಹರಾಜಾದ ಮೇಲೆ ಮೊದಲು ನೋಟೀಸು ಬರುತ್ತದೆ, ಹೊರಡಲು ದಿನ ಕೊಡುತ್ತಾರೆ, ಅದನ್ನೂ ಮೀರಿ ಕೂತವರ ಸಾಮಾನನ್ನು ಮಾತ್ರ ಹೊರಗೆ ಹಾಕುವುದು ಅಂದರು. ಮೀನಿನ ತೊಟ್ಟಿಯ ಮನೆಯವರಿಗೂ ಬಂದಿತ್ತೇನೋ ನೋಟೀಸು, ಪಾಪ, ತೆರೆದು ನೋಡಲು ಧೈರ್ಯವಿರಲಿಲ್ಲವೇನೋ. ನನಗೂ ಎಷ್ಟೋ ಸಲ ಇರುವುದಿಲ್ಲ.

ಹೀಗಾಗಿ ಸದ್ಯಕ್ಕೆ ಉಳಿದಿದ್ದೇವೆ. ಹರಾಜು ಥ್ಯಾಂಕ್ಸ್‌ಗಿವಿಂಗ್‌ಗೆ ಒಂದು ವಾರ ಮೊದಲು. ಅದು ಆದ ಮರುದಿನದಿಂದ ಹೊರಡುವ ಕೆಲಸ. ಬಾಡಿಗೆ ಮನೆಯವನು ಅಲ್ಲಿಯವರೆಗೆ ಕಾಯುತ್ತಾನೋ ಇಲ್ಲವೋ. ಪೆಟ್ಟಿಗೆಗಳು ಹಾಗೇ ಇವೆ. ಒಂದು ಬಾಣಲೆ, ನಾಲ್ಕು ತಟ್ಟೆ ಮಾತ್ರ ಹೊರಗಿವೆ. ನೀನು ಬರುವ ಹೊತ್ತಿಗೆ ನಾವು ಇಲ್ಲಿರುತ್ತೇವೋ, ಮೂರನೇ ಮಹಡಿಯಲ್ಲೋ, ಡೀ ಮನೆಯ ನಡುಕೋಣೆಯಲ್ಲೋ ನನಗೆ ಗೊತ್ತಿಲ್ಲ. ಟೊಲೀಡೊ ಸ್ಟೇಷನ್ನಿಗೆ ಟಿಕೆಟ್ ತೆಗೆದುಕೋ, ಅಷ್ಟು ಮಾತ್ರ ಹೇಳಬಲ್ಲೆ. ಅಲ್ಲಿಂದ ಎಲ್ಲಿಗೆ ಅನ್ನುವುದನ್ನು ಆವತ್ತು ನೋಡೋಣ. ಗಂಡನಿಗೆ ಮನೆಯ ವಿಳಾಸ ಹೇಳಲಾಗದ ಹೆಂಡತಿಯಾದೆನಲ್ಲ ಅಂತ ನಾಚಿಕೆಯಾಗುತ್ತಿದೆ. ಹೋಗಲಿ ಬಿಡು. ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೋ, ಭಾರ ಎತ್ತುವಾಗ ಮಂಡಿ ಬಗ್ಗಿಸು, ಟೆಸ್‌ಗೆ ನಾಲ್ಕು ಸಾಲು ಬರೆ. ಮಾವ ಆಶೀರ್ವಾದ ಹೇಳಿದ್ದಾರೆ, ಜೊತೆಗೆ ಅಲ್ಲಿನ ಮಣ್ಣು ಹೇಗಿದೆ ಅಂತ ಕೇಳಿದ್ದಾರೆ.

ಎಂದೆಂದೂ ನಿನ್ನವಳೇ,
ಕೊರಿನ್

ಮರೆತ ಮಾತು (ಮಂಗಳವಾರ): ಸ್ಟಾಂಪು ತರಲು ಮರೆತು ಪತ್ರ ಫ್ರಿಜ್ಜಿನ ಮೇಲೇ ಉಳಿಯಿತು, ಒಳ್ಳೆಯದೇ ಆಯಿತು. ಈಗ ತಾನೇ ಹೈನ್ಸ್ ಮೇಡಂ ಫೋನು. ಬ್ಯಾಂಕು ಹರಾಜನ್ನು ಹಿಂದಕ್ಕೆ ತೆಗೆದುಕೊಂಡಿದೆ. ಹೊಸ ತಾರೀಕು ಇಲ್ಲ. ತಿಂಗಳುಗಳೇ ಆಗಬಹುದು, ವರ್ಷವೂ ಆಗಬಹುದು, ಬರುವ ವಾರವೇ ಮತ್ತೆ ಶುರುವಾಗಲೂಬಹುದಂತೆ. ನಮ್ಮ ಮನೆ ಬ್ಯಾಂಕಿಗೂ ಬೇಡವಂತೆ ಎಮರಿ! ಮೊದಲು ನನಗೆ ಅವಮಾನವಾಯಿತು, ಇದಕ್ಕೇನು ಕಡಿಮೆಯಾಗಿದೆ ಅಂತ. ಆಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಚೆನ್ನಾಗಿ ಅತ್ತೆ. ಆಮೇಲೆ ಎದ್ದು ಪೆಟ್ಟಿಗೆಗಳನ್ನೆಲ್ಲ ಬಿಚ್ಚಿದೆ, ಹಬ್ಬದ ಅಡುಗೆಯ ದೊಡ್ಡ ಪಾತ್ರೆಯನ್ನೂ. ಕೈಯಲ್ಲಿ ನೋಟೀಸು ಕೊಟ್ಟು ಹೊರಡಿ ಅನ್ನುವ ತನಕ ನಾನು ಹೊರಡುವುದಿಲ್ಲ, ಹೊರಡುವ ತಯಾರಿಯನ್ನೂ ಮಾಡುವುದಿಲ್ಲ. ಬಾಡಿಗೆ ಮನೆ ಬೇಡವೆಂದೆ, ಮುಂಗಡ ಹೋಯಿತು. ಮಾವನಿಗೆ ಬೆಳ್ಳುಳ್ಳಿ ಹಾಕಿ ಅಂದೆ. "ಜುಲೈಗೆ ಇರ್ತೀವಾ?" ಅಂದರು. ಗೊತ್ತಿಲ್ಲ ಮಾವ ಅಂದೆ. ಶೆಡ್ಡಿನ ಮೊಳೆಯಿಂದ ಚೀಲ ಇಳಿಸಿ, "ಹಾಗಾದ್ರೆ ಒಂದು ಸಾಲು ಜಾಸ್ತಿನೇ ಹಾಕ್ತೀನಿ, ಬರೋರಿಗೂ ಆಗುತ್ತೆ" ಅಂದು ಗುದ್ದಲಿ ತೆಗೆದುಕೊಂಡು ಹೋದರು. ಈಗ ಊರುತ್ತಿದ್ದಾರೆ, ಕಿಟಕಿಯಿಂದ ಕಾಣಿಸುತ್ತಿದೆ.

ಟಿಕೆಟ್ ತೆಗೆದುಕೋ. ವಿಳಾಸ ಹಳೆಯದೇ. ಮುಂಬಾಗಿಲು ಮಾತ್ರ ತಟ್ಟಬೇಡ, ನನಗಿನ್ನೂ ಎದೆ ಹಾರುತ್ತದೆ. ಹಿತ್ತಲಿಂದ ಬಾ. ಬೆಳ್ಳುಳ್ಳಿ ಪಾತಿ ತುಳಿಯಬೇಡ.